ಕಿವಿಯಿಲ್ಲದ ತಾಟು

ನಿಂಬರ್ಗಾದ ಹುಸೇನಬೀಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಊರೊಳಗೆ ಯಾರು ಯಾವಾಗ ಹುಟ್ಟಿದರು, ಯಾರ ಹೊಟ್ಟೆಯಲ್ಲಿ ಹುಟ್ಟಿದರು, ಯಾರ ಹೆಸರಿಗೆ ಹುಟ್ಟಿದರು ಎಂದು ಕೇಳಿದರೆ ನಿಂತ ಕಾಲಲ್ಲೇ ಹೇಳುತ್ತಿದ್ದಳು. ಲಿಂಗಾಯತರ ಓಣಿ, ಮುಸಲ್ಮಾನರ ಓಣಿ, ಕುರುಬರ ಓಣಿ, ಎಲ್ಲ ಕಡೆಗೂ ಅವಳೇ ಸೂಲಗಿತ್ತಿ. ಎಲ್ಲರೂ ಅವಳನ್ನು ಹುಸೇನಾಯಿ ಎನ್ನುತ್ತಿದ್ದರು.

ಅವಳ ತವರು ಅಫಜಲಪುರದ ಕಡೆ, ಭೀಮಾ ನದಿಯ ದಂಡೆಯ ಒಂದು ಸಣ್ಣ ಹಳ್ಳಿ. ಹದಿನಾಲ್ಕು ತುಂಬುವ ಮೊದಲೇ ಹತ್ತಿ ಬಡಿದು ಗಾದಿ ಹೊಲಿಯುವ ದಾವಲಸಾಬನನ್ನು ಮದುವೆಯಾಗಿ ನಿಂಬರ್ಗಾಕ್ಕೆ ಬಂದಳು. ಅತ್ತೆ ಸರ್ವರಬೇಗಂ ಆ ಸುತ್ತಿಗೆಲ್ಲ ಹೆಸರಾದ ಸೂಲಗಿತ್ತಿ. ಸೊಸೆಯ ಕೈ ಸಣ್ಣದು, ಬೆರಳು ಉದ್ದ ಎಂದು ನೋಡಿದವಳೇ ತನ್ನ ಜೊತೆ ಕರೆದುಕೊಂಡು ಹೋಗತೊಡಗಿದಳು. ಬೇವಿನ ಎಲೆ ಹಾಕಿ ಕಾಯಿಸಿದ ನೀರಲ್ಲಿ ಕೈ ತೊಳೆಯುವುದನ್ನು ಕಲಿಸಿದಳು. ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲಿಂದಲೇ ಸವರಿ ಸವರಿ ನೇರ ಮಾಡುವುದನ್ನು ಕಲಿಸಿದಳು. ಇನ್ನೊಂದು ಪದ್ಧತಿಯನ್ನೂ ಕಲಿಸಿದಳು.

“ಹೊಕ್ಕಳ ಹುರಿ ಕೊಯ್ಯೂಕಿಂತ ಮೊದಲ ಅಪ್ಪನ ಹೆಸರು ಕೇಳಬೇಕು, ಬೇಟಿ. ಹೆಸರು ಬಾಯಿಂದ ಬಂದ ಮ್ಯಾಲ ಕೊಯ್ಯಬೇಕು.”

“ಎಲ್ಲಾರಿಗೂ ಗೊತ್ತಿದ್ದದ್ದ ಅಲ್ಲೇನ್ರಿ ಅದು, ಅಮ್ಮೀ? ಗಂಡ ಹೊರಗ ಕಟ್ಟಿ ಮ್ಯಾಲ ಕುಂತಿರ್ತಾನ.”

“ಕುಂತಿರಲಿ. ನೀ ಕೇಳು. ಆ ಹೊತ್ತಿನ್ಯಾಗ ಹೆಣ್ಮಗಳಿಗಿ ಸುಳ್ಳು ಹೇಳಾಕ ಪುರಸೊತ್ತು ಇರಂಗಿಲ್ಲ.”

ಹುರಿ ಕೊಯ್ದಾದ ಮೇಲೆ ಸೂಲಗಿತ್ತಿ ಹೊಸ್ತಿಲಿಗೆ ಬಂದು ಕಂಚಿನ ತಾಟನ್ನು ಮೂರು ಸಲ ಬಾರಿಸಬೇಕು. ತಾಯಿಯ ಹೆಸರು, ತಂದೆಯ ಹೆಸರು, ಗಂಡೋ ಹೆಣ್ಣೋ ಎಂದು ಓಣಿಗೆಲ್ಲ ಕೇಳುವಂತೆ ಕೂಗಬೇಕು. ಆ ಕೂಗೇ ಊರಿಗೆ ದಾಖಲೆ. ಅತ್ತೆ ತೀರಿದ ಮೇಲೆ ತಾಟು ಹುಸೇನಬೀಯ ಕೈಗೆ ಬಂತು. ತಾನು ಕೂಗಿದ್ದನ್ನು ಅವಳು ಮರೆಯುತ್ತಿರಲಿಲ್ಲ. ತೊಗರಿ ಹಸನು ಮಾಡುತ್ತ ಕೂತಾಗ, ಗಂಡನ ಗಾದಿಗೆ ಹತ್ತಿ ಬಿಡಿಸುತ್ತ ಕೂತಾಗ, ಒಂದೊಂದು ಓಣಿಯನ್ನು ಹಿಡಿದು ಮನೆಯಿಂದ ಮನೆಗೆ ನಡೆದಂತೆ ಹುಟ್ಟುಗಳನ್ನು ಬಾಯಲ್ಲಿ ಆಡಿಸುತ್ತಿದ್ದಳು. ಇಂಥ ಮನೆ, ಇಂಥವಳು, ಇಂಥವನ ಕೂಸು, ಹೆಣ್ಣು, ಎಳ್ಳಮಾಸಿ ಹಬ್ಬದ ಮುಂದಿನ ಸೋಮವಾರ. ಅಲ್ಲಿಂದ ಮುಂದಿನ ಬಾಗಿಲು.

ಎಪ್ಪತ್ನಾಲ್ಕನೇ ಇಸವಿಯಲ್ಲಿ, ತೊಗರಿ ಹೂವಾದ ಕಾಲಕ್ಕೆ, ಒಂದು ಮಧ್ಯಾಹ್ನ ಹುಸೇನಬೀಗೆ ಊರ ಕೊನೆಯ ಓಣಿಯ ಗುಡಿಸಲೊಂದರಿಂದ ಕರೆ ಬಂತು. ಶಾರದಾಬಾಯಿ ಎಂಬ ಹತ್ತೊಂಬತ್ತರ ಹುಡುಗಿ. ದೊಡ್ಡಪ್ಪಗೌಡರ ಹೊಲದಲ್ಲಿ ಕಳೆ ತೆಗೆಯಲು ಹೋಗುವವಳು. ಮದುವೆಯಾಗಿರಲಿಲ್ಲ. ತಾಯಿಯೊಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲ. ತಾಯಿ ಒಲೆಯ ಮುಂದೆ ಮುಖ ಮುಚ್ಚಿಕೊಂಡು ಕೂತಿದ್ದಳು.

ಗಂಡು ಕೂಸು ಹುಟ್ಟಿತು. ಹುಸೇನಬೀ ಹುರಿಯನ್ನು ಎರಡು ಕಡೆ ದಾರದಿಂದ ಬಿಗಿದು ಹುಡುಗಿಯ ಮುಖ ನೋಡಿದಳು.

“ಅಪ್ಪನ ಹೆಸರು ಹೇಳು, ಮಗಾ.”

ಶಾರದಾಬಾಯಿ ಗೋಡೆಯ ಕಡೆ ಹೊರಳಿದಳು.

“ಹೇಳು. ಹುರಿ ನನ್ನ ಕೈಯಾಗ ಅದ. ನನಗ ಅವಸರ ಇಲ್ಲ.”

“ಹೇಳಿದ್ರ ಕೊಲ್ತಾರ, ಆಯಿ.”

“ನೀ ನನಗ ಹೇಳು. ಊರಿಗಿ ಹೇಳೂದು ನಂದು.”

“ದೌಲತರಾಯ,” ಎಂದಳು ಹುಡುಗಿ. ದೌಲತರಾಯನೆಂದರೆ ದೊಡ್ಡಪ್ಪಗೌಡರ ಒಬ್ಬನೇ ಮಗ. ಅವನನ್ನು ಕೂಡ ಗೌಡರ ದೊಡ್ಡ ಮನೆಯಾದ ವಾಡೆಯ ಒಳಕೋಣೆಯಲ್ಲಿ ಹಿಡಿದು ತೆಗೆದವಳು ಹುಸೇನಬೀಯೇ. ಅವಳು ಹುರಿ ಕೊಯ್ದಳು. ಕೂಸನ್ನು ಒರೆಸಿ ತಾಯಿಯ ಮಗ್ಗುಲಿಗೆ ಹಾಕಿದಳು. ಆಮೇಲೆ ಹೊಸ್ತಿಲಲ್ಲಿ ನಿಂತು ತಾಟು ಬಾರಿಸಿದಳು.

“ಶಾರದಾಬಾಯಿಗಿ ದೌಲತರಾಯಂದು ಗಂಡು ಕೂಸು ಆಗ್ಯದವ್ವೋ!”

ಓಣಿಯಲ್ಲಿ ಬೀಸುವ ಕಲ್ಲುಗಳು ನಿಂತವು.

ಐದನೇ ದಿನ ಬೇವಿನ ಕಟ್ಟೆಗೆ ಪಂಚರು ಕೂಡಿದರು. ಹಸಿ ಬಾಣಂತಿಯನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಹುಸೇನಬೀಯನ್ನು ಕರೆಸಿ ಕೇಳಿದಾಗ ಅವಳು ತಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ದೊಡ್ಡಪ್ಪಗೌಡರು ಸಿಟ್ಟಾಗಲಿಲ್ಲ. ನಕ್ಕರು.

“ಹುಸೇನಬೀ, ಇದು ಬಾಯಿ ಮಾತು. ಗಾಳಿಗಿ ಹೋಯ್ತು ಅಂದ್ರ ಹೋಯ್ತು. ಬರದದ್ದು ಎಲ್ಲ್ಯದ? ತೋರ್ಸು.”

“ಬರದದ್ದು ಇಲ್ರಿ. ಆದ್ರ ನಿಮ್ಮ ಮಗ ಹುಟ್ಟಿದ್ದೂ ಎಲ್ಲೂ ಬರದಿಲ್ಲಲ್ರಿ, ಗೌಡ್ರ.”

ಪಂಚರಲ್ಲಿ ಒಬ್ಬರಿಗೆ ಕೆಮ್ಮು ಬಂತು. ಆದರೂ ತೀರ್ಮಾನ ಗೌಡರು ಹೇಳಿದಂತೆಯೇ ಆಯಿತು. ಕೂಸಿಗೆ ತಂದೆ ಯಾರೆಂದು ಗೊತ್ತಿಲ್ಲ. ಶಾರದಾಬಾಯಿ ಸುಳ್ಳು ಹೇಳಿದ್ದಾಳೆ. ಇನ್ನೊಮ್ಮೆ ಆ ಹೆಸರು ಬಾಯಿಗೆ ತಂದರೆ ತಾಯಿ ಮಗ ಇಬ್ಬರೂ ಊರು ಬಿಡಬೇಕು.

ಶಾರದಾಬಾಯಿ ಆವತ್ತಿನಿಂದ ಬಾಯಿ ಮುಚ್ಚಿದಳು. ಮಗನಿಗೆ ಅಂಬಾರಾಯ ಎಂದು ಹೆಸರಿಟ್ಟಳು. ಅಪ್ಪ ಯಾರೆಂದು ಅವನು ಕೇಳಿದಾಗಲೂ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ‘ಸುಳ್ಳ ಶಾರದಿ’ ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಹುಸೇನಬೀಗೆ ಸಹಿಸಲಾಗದೆ ಹೋದದ್ದು ಅದೇ. ನೋವಿನಲ್ಲಿ ಒದ್ದಾಡುತ್ತಿದ್ದ ಹುಡುಗಿಯನ್ನು ಬಲವಂತ ಮಾಡಿ ಹೆಸರು ಹೇಳಿಸಿದವಳು ತಾನು. ಅದು ನಿಜವೆಂದು ನಿಲ್ಲಿಸಿಕೊಡುವ ಜವಾಬುದಾರಿಯೂ ತನ್ನದೇ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮೂರು ವರ್ಷದ ಮೇಲೆ ವಾಡೆಯಿಂದಲೇ ಕರೆ ಬಂತು. ದೌಲತರಾಯನಿಗೆ ಮದುವೆಯಾಗಿತ್ತು. ಸೊಸೆಗೆ ಎರಡು ದಿನದಿಂದ ಬೇನೆ. ಆಳಂದದ ಆಸ್ಪತ್ರೆಗೆ ಒಯ್ಯಲು ಹಳ್ಳ ತುಂಬಿ ದಾರಿ ಇರಲಿಲ್ಲ. ಗೌಡರ ಹೆಂಡತಿ ಗುರುಶಾಂತಮ್ಮ ತಾನೇ ಬಂದು ಹುಸೇನಬೀಯ ಕೈ ಹಿಡಿದಳು. ಹುಸೇನಬೀ ಹೋದಳು. ಕೂಸು ಕಾಲು ಮುಂದಾಗಿ ಬಂದಿತ್ತು. ಮೂರು ತಾಸು ಹೆಣಗಿ ತಾಯಿ ಮಗು ಎರಡೂ ಜೀವ ಉಳಿಸಿದಳು. ಪದ್ಧತಿಯಂತೆ ಹೆಸರನ್ನೂ ಕೇಳಿದಳು. ಸೊಸೆ ದಣಿದ ದನಿಯಲ್ಲಿ ಗಂಡನ ಹೆಸರು ಹೇಳಿದಳು.

ವಾಡೆಯ ದೊಡ್ಡ ಬಾಗಿಲ ಹೊಸ್ತಿಲಲ್ಲಿ ತಾಟು ಬಾರಿಸಿದಳು. ಊರ ಅರ್ಧ ಮಂದಿ ಅಂಗಳದಲ್ಲೇ ಇದ್ದರು.

“ದೌಲತರಾಯಗ ಎರಡನೇ ಕೂಸು! ಹೆಣ್ಣು!”

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದೆ ನಿಂತ ಹೆಂಗಸರೊಳಗೆ ಯಾರೋ ಸೆರಗನ್ನು ಬಾಯಿಗೆ ತುರುಕಿಕೊಂಡರು. ನಗು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಕಟ್ಟೆಗೆ ಹರಿಯಿತು. ದೊಡ್ಡಪ್ಪಗೌಡರು, “ಹೊರಗ ನಡಿ!” ಎಂದು ಗುಡುಗಿದರು.

“ಹೊಂಟೇನ್ರಿ. ಬಾಣಂತಿಗಿ ಮೂರು ದಿನ ತಣ್ಣೀರು ಮುಟ್ಟಸಬ್ಯಾಡ್ರಿ,” ಎಂದು ಹೇಳಿಯೇ ಹುಸೇನಬೀ ಮೆಟ್ಟಿಲಿಳಿದಳು. ಆಮೇಲೆ ವಾಡೆ ಅವಳನ್ನು ಎಂದೂ ಕರೆಯಲಿಲ್ಲ.

ಅಂಬಾರಾಯನನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರ ಹಣಮಂತ್ರಾಯರು ಎಲ್ಲ ಮಕ್ಕಳಿಗೂ ಬರೆಯುವ ಹಾಗೆ ಹುಟ್ಟಿದ ತಾರೀಖು ಜೂನ್ ಒಂದು ಎಂದು ಬರೆದರು. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದರು. ಆ ಗೆರೆಯ ಸುದ್ದಿ ಕೇಳಿ ಹುಸೇನಬೀ ಶಾಲೆಗೇ ಹೋದಳು.

“ಮಾಸ್ತರ, ನಿಮ್ಮ ಪುಸ್ತಕದಾಗ ಹುಡುಗುರು ಯಾವಾಗ ಹುಟ್ಟ್ಯಾವ? ಓದ್ರಿ ಸ್ವಲ್ಪ.”

ಮಾಸ್ತರರು ಓದಿದರು. ಜೂನ್ ಒಂದು. ಜೂನ್ ಒಂದು. ಜೂನ್ ಒಂದು.

“ಅಯ್ಯ ನಿಮ್ಮ! ಒಂದ ದಿನಕ್ಕ ಇಡೀ ಊರು ಹುಟ್ಟಿದ್ರ ನನ್ನ ಕೈ ಉದುರಿ ಬಿದ್ದಿರ್ತಿದ್ವು. ನನ್ನ ಕರಿಯಾಕ ಮನಿ ಮನಿ ಮಂದಿ ಬಡದಾಡಿ ಸಾಯ್ತಿದ್ರು. ಖರೇ ಬರಿಬೇಕಾದಲ್ಲಿ ಸುಳ್ಳು ಬರದೀರಿ. ಹೆಸರು ಗೊತ್ತಿದ್ದಲ್ಲಿ ಗೆರಿ ಎಳದೀರಿ.”

ಹಣಮಂತ್ರಾಯರು ಒಳ್ಳೆಯ ಮನುಷ್ಯರು. ಅಂಜುವ ಮನುಷ್ಯರೂ ಹೌದು. ಶಾಲೆಯ ಕಮಿಟಿಗೆ ಆಗ ದೌಲತರಾಯನೇ ಹಿರಿಯ. ಅವರು ಆ ಗೆರೆಯನ್ನು ತಿದ್ದಲಿಲ್ಲ. ಆದರೆ ಈ ಮುದುಕಿಯ ಬಾಯಲ್ಲಿರುವುದು ಅವಳ ಜೊತೆಗೇ ಹೋಗಬಾರದು ಎಂದು ಅವರ ಮನಸ್ಸಿಗೆ ಹತ್ತಿತು. ಒಂದು ಪಟ್ಟಿ ಪುಸ್ತಕ ತಂದು, ನೀ ಹೇಳು, ನಾ ಬರೀತೇನಿ ಎಂದರು. ಹುಸೇನಬೀ ಒಪ್ಪಲಿಲ್ಲ. “ನೀವು ಏನು ಬರದೀರಿ ಅಂತ ನನಗ ಹ್ಯಾಂಗ ತಿಳೀಬೇಕ್ರಿ? ಗೆರಿ ಎಳದ್ರೂ ನಾ ಹೂಂ ಅನ್ನಾಕಿ.”

ಎಂಬತ್ತಾರರಲ್ಲಿ ಆಳಂದದ ಬಸ್‌ಸ್ಟ್ಯಾಂಡ್ ಎದುರಿಗೆ ಕರೀಮಸಾಬನೆಂಬುವನು ಕ್ಯಾಸೆಟ್ ಅಂಗಡಿ ತೆರೆದ. ಹಣಮಂತ್ರಾಯರು ಹುಸೇನಬೀಯನ್ನು ಅಲ್ಲಿಗೆ ಕರೆದೊಯ್ದರು. ತನ್ನ ದನಿ ತನಗೇ ತಿರುಗಿ ಕೇಳಿದಾಗ ಅವಳು ಬೆಚ್ಚಲಿಲ್ಲ. “ಇದು ಬೇಶ್ ಅದ. ಹೇಳಿದ್ದ ಹೇಳ್ತದ,” ಎಂದಳು. ಓಣಿ ಹಿಡಿದು ಎಲ್ಲ ಹುಟ್ಟುಗಳನ್ನೂ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಹೇಳಿದಳು. ಮುಗಿದ ಮೇಲೆ ಕರೀಮಸಾಬ ಕ್ಯಾಸೆಟ್ಟಿನ ಬೆನ್ನಂಚಿನಲ್ಲಿದ್ದ ಎರಡು ಸಣ್ಣ ಪ್ಲಾಸ್ಟಿಕ್ ತುಣುಕುಗಳನ್ನು ತೋರಿಸಿದ.

“ಇವು ಇದರ ಕಿವಿ, ಖಾಲಾ. ಈ ಕಿವಿ ಮುರದ್ರ ಇದು ಮತ್ತೊಂದು ಮಾತು ಕೇಳಂಗಿಲ್ಲ. ನಿಮ್ಮ ಮಾತು ಅಷ್ಟ ಹಿಡ್ಕೊಂಡು ಕುಂದರ್ತದ.”

ಹುಸೇನಬೀ ತಾನೇ ಉಗುರಿನಿಂದ ಎರಡೂ ಕಿವಿಗಳನ್ನು ಮುರಿದಳು. ಕ್ಯಾಸೆಟ್ ಮಾಸ್ತರರ ಮನೆಯ ಟ್ರಂಕಿಗೆ ಹೋಯಿತು.

ಎರಡು ವರ್ಷದ ಮೇಲೆ ಯಾರದೋ ವಯಸ್ಸಿನ ತಕರಾರು ಬಂದು ಮಾಸ್ತರರು ಕ್ಯಾಸೆಟ್ ಹಚ್ಚಿದರು. ಹುಸೇನಬೀ ಪಕ್ಕದಲ್ಲೇ ಕೂತು ತುಟಿ ಆಡಿಸುತ್ತಿದ್ದಳು. ಊರ ಕೊನೆಯ ಓಣಿ ಬಂತು. ಶಾರದಾಬಾಯಿಯ ಗುಡಿಸಲಿನ ಹಿಂದಿನ ಮನೆ ಬಂತು. ಅಷ್ಟರಲ್ಲಿ ಯಾವುದೋ ಭಜನೆಯ ಹಾರ್ಮೋನಿಯಂ ಶುರುವಾಯಿತು. ಮೂರು ಸಾಲು ಭಜನೆ. ಅದು ಕಡಿದುಹೋಗಿ ಮತ್ತೆ ಅವಳ ದನಿ, ಗುಡಿಸಲಿನ ಮುಂದಿನ ಮನೆ.

ಹುಸೇನಬೀ ಕ್ಯಾಸೆಟ್ಟನ್ನು ಹೊರಗೆ ತೆಗೆದು ಬೆನ್ನಂಚು ಸವರಿದಳು. ಮುರಿದ ಕಿವಿಯ ತೂತಿನ ಮೇಲೆ ಅಂಟುಪಟ್ಟಿ ಬೆರಳಿಗೆ ಹತ್ತಿತು.

“ಯಾರಿಗಿ ಕೊಟ್ಟಿದ್ರಿ, ಮಾಸ್ತರ?”

ಹಣಮಂತ್ರಾಯರು ನೆಲ ನೋಡಿದರು. “ದೌಲತರಾಯ ಎರಡು ದಿನ ಕೇಳಾಕ ಬೇಕು ಅಂದ. ಕಿವಿ ಮುರದದ ಅಲ್ಲ, ಏನೂ ಮಾಡಾಕ ಬರಂಗಿಲ್ಲ ಅಂತ ಕೊಟ್ಟೆ.”

ಹುಸೇನಬೀ ಅದನ್ನು ಹಿಡಿದುಕೊಂಡು ಆಳಂದಕ್ಕೆ ಹೋದಳು. ಕರೀಮಸಾಬ ನೋಡಿ ತಲೆ ಕೆರೆದುಕೊಂಡ. ಕಿವಿಯ ತೂತಿಗೆ ಪಟ್ಟಿ ಹಚ್ಚಿದರೆ ಕ್ಯಾಸೆಟ್ ಮತ್ತೆ ಕೇಳುತ್ತದೆ, ಖಾಲಾ, ಅದನ್ನು ನಾನು ಹೇಳಲಿಲ್ಲ ಎಂದ. ಇನ್ನೊಮ್ಮೆ ಹೇಳಿ, ಹೊಸದು ಮಾಡೋಣ ಎಂದ. ಅವಳು ಬೇಡವೆಂದಳು. ಹಚ್ಚುವ ಪಟ್ಟಿ ಊರ ತುಂಬ ಸಿಗುತ್ತದೆ. ಯಾರೂ ಅಳಿಸಲಾರದಂಥದ್ದು ಯಾವಾಗ ಬರುತ್ತದೋ ಅವತ್ತು ಹೇಳಿ ಕಳಿಸು, ಅಲ್ಲಿಯ ತನಕ ನನ್ನ ಬಾಯಲ್ಲೇ ಇರಲಿ ಎಂದು ಎದ್ದು ಬಂದಳು.

ಹನ್ನೊಂದು ವರ್ಷ ಬಾಯಲ್ಲೇ ಇಟ್ಟುಕೊಂಡಳು. ದಾವಲಸಾಬ ತೀರಿದ. ದೊಡ್ಡಪ್ಪಗೌಡರು ತೀರಿದರು. ಬಸುರಿಯರು ಜೀಪು ಹತ್ತಿ ಆಸ್ಪತ್ರೆಗೆ ಹೋಗತೊಡಗಿದರು, ಹುಸೇನಬೀಯ ತಾಟು ಗೂಟಕ್ಕೆ ಹೋಯಿತು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಒಂದು ದಿನ ಕುರುಬರ ಓಣಿಯನ್ನು ಹೇಳಿಕೊಳ್ಳುತ್ತ ಒಂದು ಮನೆಯೇ ಜಾರಿಹೋಯಿತು. ಸಂಜೆಯ ತನಕ ಒದ್ದಾಡಿದರೂ ಸಿಗಲಿಲ್ಲ. ಮರುದಿನ ಆ ಮನೆಯ ಮುಂದೆ ಹೋಗಿ ನಿಂತ ಮೇಲೆ ನೆನಪಾಯಿತು. ಆವತ್ತು ಅವಳಿಗೆ ಮೊದಲ ಸಲ ಅಂಜಿಕೆ ಬಂತು.

ಅದೇ ತಿಂಗಳು ಕರೀಮಸಾಬನಿಂದ ಸುದ್ದಿ ಬಂತು. ಗುಲಬರ್ಗಾದಿಂದ ಕಂಪ್ಯೂಟರ್ ತಂದಿದ್ದೇನೆ, ಖಾಲಾರನ್ನು ಕಳಿಸಿರಿ ಎಂದು. ಅಂಬಾರಾಯನಿಗೂ ಅದೇ ವೇಳೆಗೆ ಕಿಣ್ಣಿ ಸುಲ್ತಾನ ಎಂಬ ಊರಲ್ಲಿ ಹೆಣ್ಣು ನೋಡಿದ್ದರು. ಹೆಣ್ಣಿನ ಕಡೆಯ ಹಿರಿಯ ಗುರಣ್ಣ, ಹುಡುಗ ಛಲೋ ಇದ್ದಾನೆ, ಯಾರ ಮಗ ಎಂಬುದೊಂದು ಹೇಳಿರಿ ಎಂದಿದ್ದ. ಶಾರದಾಬಾಯಿ ಬಾಯಿ ಬಿಟ್ಟಿರಲಿಲ್ಲ. ಗುರಣ್ಣ ಹುಣ್ಣಿವೆಯ ತನಕ ಕಾಯುತ್ತೇನೆ ಎಂದು ಹೋಗಿದ್ದ.

ಎರಡು ಮಧ್ಯಾಹ್ನ ಹುಸೇನಬೀ ಕರೀಮಸಾಬನ ಅಂಗಡಿಯಲ್ಲಿ ಬಾಗಿಲು ಹಾಕಿಸಿ ಕೂತು ಹೇಳಿದಳು. ನಾನೂರಾ ಎಂಬತ್ತರ ಮೇಲೆ ಹುಟ್ಟುಗಳು. ಮೂರನೇ ದಿನ ಕರೀಮಸಾಬ ಕನ್ನಡಿಯಂತೆ ಹೊಳೆಯುವ ತೆಳ್ಳನೆಯ ಸೀಡಿ ತಾಟೊಂದನ್ನು ಕೈಗೆ ಕೊಟ್ಟ. ಅವಳು ಅದರ ಅಂಚನ್ನು ಸುತ್ತಲೂ ಬೆರಳಿಂದ ಹುಡುಕಿದಳು.

“ಇದರ ಕಿವಿ ಎಲ್ಲ್ಯದ?”

“ಇದಕ್ಕ ಕಿವಿ ಇಲ್ಲ, ಖಾಲಾ.”

“ಕಿವಿ ಇಲ್ಲಂದ್ರ ಏನು ಮುರೀಲಿ? ಅಂಚು ಮುರೀಲೇನು?” ಎನ್ನುತ್ತ ಅವಳು ಅಂಚಿಗೆ ಹೆಬ್ಬೆರಳು ಒತ್ತಿಯೇ ಬಿಟ್ಟಳು. ಕರೀಮಸಾಬ ಹಾರಿ ಬಂದು ಕಿತ್ತುಕೊಂಡ.

“ಅರೇ ಅಲ್ಲಾ! ಮುರೀಬ್ಯಾಡ್ರಿ! ಎಲ್ಲಾ ಹೋಗ್ತದ!”

“ಹಾಂಗಾದ್ರ ಇದು ಅಳಸಂಗಿಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಅಳಸಿ ತೋರ್ಸು.”

“ಏನಂದ್ರಿ?”

“ಅಳಸು. ನನ್ನ ಮುಂದ ಅಳಸು. ಅಳಸಾಕ ಬರಲಿಲ್ಲಂದ್ರ ಒಯ್ತೇನಿ.”

ಎರಡು ದಿನ ಕೂತು ಹೇಳಿ, ಈಗ ಅಳಿಸು ಎನ್ನುವ ಮುದುಕಿಯನ್ನು ಕರೀಮಸಾಬ ಬಾಯಿ ತೆರೆದು ನೋಡಿದ. ಯಂತ್ರದ ಹೊಟ್ಟೆಯಲ್ಲಿ ಇನ್ನೊಂದು ಪ್ರತಿ ಇದ್ದದ್ದರಿಂದ ಧೈರ್ಯ ಮಾಡಿ ತಾಟನ್ನು ಒಳಗಿಟ್ಟು ಒತ್ತಿದ. ಸ್ವಲ್ಪ ಹೊತ್ತಿಗೆ ತಾಟು ಹೊರಗೆ ಬಂತು. ಹಚ್ಚಿ ನೋಡಿದರೆ ಒಂದು ಮಾತೂ ಇಲ್ಲ. ಹುಸೇನಬೀ ನಕ್ಕಳು.

“ಇದು ಸ್ಲೇಟಲೇ, ಕರೀಮ್ಯಾ. ಸ್ಲೇಟು ಕೊಟ್ಟು ಕಳಸಾಕ ಹತ್ತಿದ್ದಿ ನನ್ನ.”

ಅವನು ನಾಚಿಕೊಂಡ. ಮತ್ತೆ ಮತ್ತೆ ತುಂಬಲು ಬರುವುದೇ ಒಳ್ಳೆಯದು ಎಂದು ಗುಲಬರ್ಗಾದವನು ಹೇಳಿದ್ದನಂತೆ. ಇನ್ನೊಂದು ಜಾತಿ ಇದೆ, ಅದು ಒಂದೇ ಸಲಕ್ಕೆ ಎಂದ.

“ಅದರಾಗ ಹ್ಯಾಂಗ ಬರೀತಾರ?”

“ಬರಿಯೋದಲ್ಲ, ಖಾಲಾ. ಸುಡೋದು. ಒಳಗ ಬೆಳಕಿನ ಸೂಜಿ ಇರ್ತದ. ಅದು ತಾಟಿನ ಬಣ್ಣಕ್ಕ ಚುಕ್ಕಿ ಚುಕ್ಕಿ ಸುಟಗೋತ ಹೋಗ್ತದ. ಸುಟ್ಟದ್ದು ತಿರುಗಿ ಮೊದಲಿನಂಗ ಆಗಂಗಿಲ್ಲ.”

ಕಾಮಾಲೆಯಾದ ಕೂಸುಗಳ ಹೊಟ್ಟೆಗೆ ಸೂಜಿ ಕಾಯಿಸಿ ಬರೆ ಹಾಕುವವರನ್ನು ಹುಸೇನಬೀ ಜನ್ಮಪೂರ್ತಿ ಬೈದವಳು. ಆ ಕೂಸುಗಳು ಮುದುಕರಾದರೂ ಗುರುತು ಹಾಗೇ ಉಳಿದದ್ದನ್ನು ನೋಡಿದವಳು.

“ಅಂದ್ರ ಬರಿಯೋದಲ್ಲ. ಬರಿ ಹಾಕೋದು.”

“ಹೌದ್ರಿ, ಹಾಂಗ ಅನ್ರಿ ಬೇಕಾರ.”

“ಹಾಕು ಹಂಗಾದ್ರ. ಮೂರು ತಾಟಿಗಿ ಹಾಕು.”

ಸುಡುವ ಮೊದಲು ಕರೀಮಸಾಬ ಇನ್ನೊಂದು ಮಾತು ಎತ್ತಿದ. ತಾಟಿನ ಬಾಯಿ ತೆರೆದಿಟ್ಟರೆ ಮುಂದಿನ ಹುಟ್ಟುಗಳನ್ನೂ ಸೇರಿಸಬಹುದು. ಅವನ ಸೊಸೆಗೂ ಒಂಬತ್ತು ತಿಂಗಳು ತುಂಬಿತ್ತು. ಖಾಲಾರ ಕೈಯಲ್ಲೇ ಆಗಲಿ, ಆ ಹೆಸರೂ ಇದರಲ್ಲಿ ಬರಲಿ ಎಂಬ ಆಸೆ ಅವನಿಗೆ.

“ಬಾಯಿ ತೆರದಿದ್ರ ಬ್ಯಾರೆಯವರೂ ಸೇರಸಬಹುದೇನು?”

“ಸೇರಸಬಹುದು. ಹೊಸಾದು ಹಾಕಿ ಹಳೇದು ಕಾಣಲಾರದಂಗ ಮರಿ ಮಾಡಾಕೂ ಬರ್ತದ.”

“ಬಂದ್ ಮಾಡು.”

“ನನ್ನ ಮೊಮ್ಮಗ ಹೊರಗ ಉಳೀತಾನಲ್ರಿ, ಖಾಲಾ.”

“ಅದು ಆಸ್ಪತ್ರ್ಯಾಗ ಹುಟ್ಟತದ, ಚೀಟಿ ತಗೊಂಡು ಬರ್ತದ. ಚೀಟಿ ಇಲ್ಲದವರ ಸಲುವಾಗಿ ಬಂದೇನಿ ನಾ. ಬಾಯಿ ಬಂದ್ ಮಾಡು.”

ಕರೀಮಸಾಬ ಮೂರನ್ನೂ ಸುಟ್ಟು ಬಾಯಿ ಮುಚ್ಚಿದ. ಒಂದನ್ನು ಹಣಮಂತ್ರಾಯರು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಈ ಸಲ ಅದನ್ನು ಟ್ರಂಕಿಗೆ ಒಯ್ಯಲಿಲ್ಲ, ಜೇವರ್ಗಿಯಲ್ಲಿದ್ದ ಮಗಳ ಮನೆಗೆ ಒಯ್ದರು. ಇನ್ನೊಂದನ್ನು ಅಂಬಾರಾಯ ಬಂದು ಒಯ್ದ. ಮೂರನೆಯದನ್ನು ಹುಸೇನಬೀ ಸೆರಗಿಗೆ ಕಟ್ಟಿಕೊಳ್ಳುತ್ತಿರುವಾಗ ಅಂಗಡಿಯ ಮುಂದೆ ಜೀಪು ನಿಂತಿತು.

ಅವಳು ಬಾಗಿಲು ಹಾಕಿಸಿ ಹೇಳಿದ ಸುದ್ದಿ ವಾಡೆಗೂ ಮುಟ್ಟಿತ್ತು. ದೌಲತರಾಯನಿಗೆ ಆಗ ಐವತ್ತು. ತಲೆ ಬೆಳ್ಳಗಾಗಿತ್ತು. ಹತ್ತೂರಿನ ನ್ಯಾಯ ಹೇಳುವ ಮನುಷ್ಯನಾಗಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

“ಹುಸೇನಾಯಿ, ಆರಾಮ ಇದ್ದೀಯೇನು?”

“ಇದ್ದೇನ್ರಿ. ನೀವು?”

“ಒಂದ ಹೆಸರಿಂದು ಮಾತು. ಬಾಕಿ ಎಲ್ಲಾ ಹೆಸರು ಇರಲಿ, ಛಲೋ ಕೆಲಸ ಮಾಡೀದಿ. ಒಂದು ತೆಗಿ. ಇಪ್ಪತ್ತೈದು ವರ್ಷ ಆತು. ಮಣ್ಣು ಹಾಕು.”

“ಕೂಸಿನ ಮ್ಯಾಲ ಮಣ್ಣು ಹಾಕೋ ಕಸಬು ನಂದಲ್ರಿ.”

ಅವನು ಅವಳನ್ನು ಬಿಟ್ಟು ಕರೀಮಸಾಬನ ಕಡೆ ತಿರುಗಿದ. “ಅಳಸು.”

ಅಂಗಡಿ ಇದ್ದದ್ದು ದೌಲತರಾಯನ ಜಾಗದ ಮಗ್ಗುಲಲ್ಲಿ. ಅವನನ್ನು ಎದುರು ಹಾಕಿಕೊಂಡರೆ ಕರೀಮಸಾಬನಿಗೆ ಅಲ್ಲಿ ವ್ಯಾಪಾರ ಮಾಡಲು ಆಗುತ್ತಿರಲಿಲ್ಲ. ಯಂತ್ರದ ಹೊಟ್ಟೆಯಲ್ಲಿದ್ದದ್ದನ್ನು ಅಳಿಸಿದ. ಅದು ಹೋಯಿತು. “ಆ ತಾಟಿನಾಗಿಂದೂ,” ಎಂದ ದೌಲತರಾಯ. ಕರೀಮಸಾಬ ಹುಸೇನಬೀಯ ಮುಖ ನೋಡಿದ. ಅವಳು ತಾನೇ ಸೆರಗಿನ ಗಂಟು ಬಿಚ್ಚಿ ತಾಟನ್ನು ಕೊಟ್ಟಳು.

“ಕೊಡಪಾ. ಈ ಜಾತೀದು ಅಳಸಿದ್ದು ನಾನೂ ನೋಡಿಲ್ಲ ಇನ್ನ. ಅಳಸಲಿ, ನೋಡೂಣು.”

ಕರೀಮಸಾಬ ಒಳಗಿಟ್ಟು ಒತ್ತಿದ. ಯಂತ್ರ ಗುರುಗುಟ್ಟಿತು. ಪರದೆಯ ಮೇಲೆ ಎರಡು ಸಾಲು ಇಂಗ್ಲಿಷು ಬಂತು.

“ಏನಂತದ?”

“ಈ ತಾಟು ಅಳಸೂವಂಥದ್ದಲ್ಲ ಅಂತದ್ರಿ, ಗೌಡ್ರ.”

“ಇನ್ನೊಮ್ಮಿ.”

ಇನ್ನೊಮ್ಮೆ ಒತ್ತಿದರೂ ಅದೇ ಎರಡು ಸಾಲು. ದೌಲತರಾಯ ಅವನನ್ನು ಸರಿಸಿ ತಾನೇ ಕೂತ. ಯಾವುದನ್ನು ಒತ್ತಬೇಕೆಂದು ಕೇಳಿ ಕೇಳಿ ಒತ್ತಿದ, ಜೋರಾಗಿ ಒತ್ತಿದ, ಉಂಗುರದ ಬೆರಳಿನಿಂದ ಒತ್ತಿದ. ಹುಸೇನಬೀ ಕಣ್ಣು ಮಿಟುಕಿಸದೆ ಪರದೆಯನ್ನೇ ನೋಡುತ್ತಿದ್ದಳು. ಅಕ್ಷರ ಬರದ ಅವಳಿಗೂ ಪ್ರತಿಸಲ ಬರುತ್ತಿದ್ದದ್ದು ಅದೇ ಎರಡು ಸಾಲು ಎಂಬುದು ತಿಳಿಯುತ್ತಿತ್ತು.

“ಮುರದು ಒಗೀತೇನಿ ಇದನ್ನ,” ಎಂದ ಅವನು.

“ಮುರೀರಿ. ಇನ್ನೆರಡು ಊರು ಬಿಟ್ಟಾವ. ಮುರಿಯೂಕಿಂತ ಮೊದಲ ಒಂದಿಷ್ಟು ಕೇಳ್ರಿ, ನಿಮ್ಮದೂ ಅದರಾಗ ಅದ. ಕರೀಮ್ಯಾ, ಮೊದಲಿಂದ ಹಚ್ಚು.”

ಅವಳದೇ ದನಿ ಬಂತು. ಮೊದಲ ಓಣಿ ವಾಡೆಯ ಓಣಿ. ಮೊದಲ ಬಾಗಿಲು ವಾಡೆಯ ಬಾಗಿಲು. “ಗುರುಶಾಂತಮ್ಮ. ದೊಡ್ಡಪ್ಪಗೌಡರ ಕೂಸು. ಗಂಡು. ದೌಲತರಾಯ ಅಂತ ಹೆಸರಿಟ್ರು. ಕಾರಹುಣ್ಣಿವಿ ಮರುದಿನ, ಹೊತ್ತು ಏರಿದಾಗ.”

ದೌಲತರಾಯನ ಬೆರಳು ನಿಂತಿತು.

“ನಿಮ್ಮವ್ವಗೂ ಕೇಳೀನ್ರಿ ನಾ,” ಎಂದಳು ಹುಸೇನಬೀ. “ಹುರಿ ಕೈಯಾಗ ಹಿಡ್ಕೊಂಡ ಕೇಳೀನಿ. ನಿಮ್ಮಪ್ಪನ ಹೆಸರು ಹೇಳಿದ್ಳು ಆಕಿ. ಅಲ್ಲಿ ಬ್ಯಾರೆ ಸಾಕ್ಷಿ ಯಾರಿದ್ರು? ಆಕಿ ಅಂದ್ಳು, ನಾ ನಂಬಿದೆ, ಊರು ನಂಬ್ತು. ಶಾರದಾಬಾಯಿನೂ ಹಾಂಗ ಅಂದ್ಳು, ನಾ ನಂಬಿದೆ. ಬಾಣಂತಿ ಮಾತು ಸುಳ್ಳು ಅಂತ ಒಂದು ತಗದ್ರ ಎಲ್ಲಾ ತಗೀಬೇಕಾಗ್ತದ್ರಿ. ಎಲ್ಲಿಂದ ಸುರು ಮಾಡ್ಲಿ, ಹೇಳ್ರಿ. ವಾಡೇದಿಂದ?”

ಯಂತ್ರದಲ್ಲಿ ಅವಳ ದನಿ ಮುಂದಿನ ಬಾಗಿಲಿಗೆ, ಅದರ ಮುಂದಿನ ಬಾಗಿಲಿಗೆ ನಡೆಯುತ್ತಿತ್ತು. ದೌಲತರಾಯ ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ತಾಟು ಯಂತ್ರದೊಳಗೇ ಉಳಿಯಿತು. ಕರೀಮಸಾಬ ಅದನ್ನು ತೆಗೆದು, ತನ್ನ ಅಂಗಿಯ ತುದಿಯಿಂದ ಒರೆಸಿ ಅವಳ ಕೈಗಿಟ್ಟ.

“ಈಗ ಒಯ್ಯಬಹುದು,” ಎಂದಳು ಅವಳು.

ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಬಸ್ಸಿಳಿದಾಗ ಶಾರದಾಬಾಯಿ ನಿಂತಿದ್ದಳು. ಕೂದಲು ನೆರೆತ, ನಲವತ್ತು ದಾಟಿದ ಹೆಂಗಸು. ತಾಟು ನೋಡಬೇಕು ಎನ್ನಲಿಲ್ಲ, ಮುಟ್ಟಲೂ ಇಲ್ಲ.

“ಅವ ಒತ್ತಿದ್ರೂ ಹೋಗಲಿಲ್ಲಂತ, ಖರೇ ಏನು, ಆಯಿ?”

“ಖರೇ. ತಾನ ಒತ್ತಿದ. ನಾಕು ಸಲ ಒತ್ತಿದ.”

“ನಾಕು ಸಲ,” ಎಂದಳು ಶಾರದಾಬಾಯಿ.

ಹುಣ್ಣಿವೆಗೆ ಮೂರು ದಿನ ಇರುವಾಗ ಅವರು ಕಿಣ್ಣಿ ಸುಲ್ತಾನಕ್ಕೆ ಹೋದರು. ಶಾರದಾಬಾಯಿ, ಅಂಬಾರಾಯ, ಹುಸೇನಬೀ. ಗುರಣ್ಣನ ಪಡಸಾಲೆಯಲ್ಲಿ ಹತ್ತಾರು ಮಂದಿ ಕೂತಿದ್ದರು. ನಿಂಬರ್ಗಾದಿಂದ ಬಂದ ನೆಂಟರೂ ಇದ್ದರು, ದೌಲತರಾಯನ ದಾಯಾದಿಯೊಬ್ಬನೂ ಇದ್ದ. ನೀರು, ಬೆಲ್ಲ ಆದ ಮೇಲೆ ಗುರಣ್ಣ ಗಂಟಲು ಸರಿಮಾಡಿಕೊಂಡು ಹಳೆಯ ಮಾತನ್ನೇ ಕೇಳಿದ. ಹುಡುಗ ಯಾರ ಮಗ?

ಹುಸೇನಬೀ ಬಾಯಿ ತೆರೆಯುವಷ್ಟರಲ್ಲಿ ಶಾರದಾಬಾಯಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು. ತಾನೇ ಎದ್ದು ನಿಂತಳು. ಇಪ್ಪತ್ತೈದು ವರ್ಷ ಬಳಸದ ಹೆಸರು. ಮೊದಲ ಸಲ ಬರೀ ಗಾಳಿ ಬಂತು.

“ಕೇಳಲಿಲ್ಲ, ತಂಗಿ,” ಎಂದ ಗುರಣ್ಣ. “ಸ್ವಲ್ಪ ಜೋರ ಹೇಳು.”

“ದೌಲತರಾಯನ ಮಗ,” ಎಂದಳು ಶಾರದಾಬಾಯಿ. ದಾಯಾದಿಯ ಕಡೆ ತಿರುಗಿ, ಅವನಿಗೂ ಕೇಳದೆ ಉಳಿಯಬಾರದೆಂದು ಇನ್ನೊಮ್ಮೆ ಹೇಳಿದಳು.